ಮಾನಸದ ಹಲಗೆ

ಚೋಡಣ ದ್ವೀಪದಲ್ಲಿ ಗದ್ದೆಯ ತೂಬಿಗೆ ಮಾನಸ ಅನ್ನುತ್ತಾರೆ.
ನಾನು ಬಂದ ಮೊದಲ ವಾರ ಕಾಯ್ತಾನ್ ಬಾಬ್
"ಮಾನಸ ಕೆಟ್ಟಿದೆ" ಅಂದಾಗ
ಯಾರದ್ದು ಎಂದು ಕೇಳಿದ್ದೆ.
ಹೊಳೆ ಉಬ್ಬಿದರೆ ತಾನೇ ಮುಚ್ಚಿಕೊಂಡು
ಇಳಿದರೆ ತಾನೇ ತೆರೆಯುವ ಮರದ ಬಾಗಿಲು:
ಆ ಕಡೆ ಉಪ್ಪು, ಈ ಕಡೆ ಭತ್ತ,
ನಡುವೆ ನಾಲ್ಕು ಬೆರಳು ದಪ್ಪದ ಹಲಗೆ.

ನಾನು ಗದುಗಿನ ಕಡೆಯವಳು, ಸುಣಗಾರರ ಮನೆ.
ಅಪ್ಪನ ಭಟ್ಟಿಯಲ್ಲಿ ಕಲ್ಲು ಮೂರು ದಿನ ಬೇಯುತ್ತಿತ್ತು.
ಬೆಂದ ಕಲ್ಲಿಗೆ ನೀರು ಚಿಮುಕಿಸಿದರೆ
ಬುಸ್ ಎಂದು ಏಳುವ ಬಿಳಿ ಹಾವು.
"ಸುಣ್ಣ ಭಾಳ ಸಿಟ್ಟಿನ ಪೈಕಿ, ತಂಗೀ,
ಕಣ್ಣಾಗ ಬಿತ್ತಂದ್ರ ಕಣ್ಣು ಹೋತು,
ಎಲಿ ಮ್ಯಾಲ ಕಡ್ಡೀ ತುದಿಯಷ್ಟ ಇದ್ರ ಬಾಯಿ ಕೆಂಪು."
ಅದೇ ನನ್ನ ಸಸ್ಯಶಾಸ್ತ್ರದ ಮೊದಲ ಪಾಠ.
ಉಳಿದದ್ದನ್ನು ಇಂಗ್ಲಿಷಿನಲ್ಲಿ ಕಲಿತೆ, ಫೀ ಕಟ್ಟಿ.

ಜೀವಕೋಶವೂ ಅಪ್ಪನ ಮಾತು ಕೇಳಿದ ಹಾಗಿದೆ.
ಸುಣ್ಣದ ಸತ್ವವನ್ನು ಗೋಡೆಯಾಚೆಯೇ ನಿಲ್ಲಿಸಿರುತ್ತದೆ,
ಒಳಗೆ ಕಡ್ಡಿ ತುದಿಯಷ್ಟೂ ಇಲ್ಲ.
ಬೇರಿಗೆ ಉಪ್ಪು ತಾಕಿದ ಗಳಿಗೆ
ಪೊರೆಯ ಸಣ್ಣ ಬಾಗಿಲುಗಳು
(ನಾವು ಚಾನೆಲ್ ಅನ್ನುತ್ತೇವೆ, ಕಟ್ಟುವ ನಕ್ಷೆಗೆ ಜೀನ್)
ತೆರೆದು ಮುಚ್ಚುತ್ತವೆ, ಕಣ್ಣು ಮಿಟುಕಿಸಿದ ಹಾಗೆ.
ನುಗ್ಗಿದ ಚಿಟಿಕೆ ಕ್ಯಾಲ್ಸಿಯಂ ಪಕ್ಕದ ಕೋಶವನ್ನು ಎಬ್ಬಿಸುತ್ತದೆ,
ಅದು ಅದರ ಪಕ್ಕದ್ದನ್ನು,
ಇನ್ನೂ ಏನೂ ಆಗದ ಎಲೆಯ ತುದಿಗೆ
ಸುದ್ದಿ ಮುಟ್ಟುತ್ತದೆ: ಉಪ್ಪು ಬಂತು, ಉಪ್ಪು.

ಕತ್ತಲ ಕೋಣೆಯಲ್ಲಿ ಅದನ್ನು ಕಾಣಬಹುದು.
ಲ್ಯಾಬಿನ ಸಸಿಗಳಿಗೆ ಲೋಳೆಮೀನಿನ ಬೆಳಕಿನ ಜೀನ್ ಹೊಲಿದಿದ್ದಾರೆ,
ಕಡಲಿನ ಭಯ ಹೇಳಲು ಕಡಲಿನದ್ದೇ ದೀಪ.
ಹಸಿರು ಮಿಂಚು ಬೇರಿನಿಂದ ಏರುವಾಗ
ಪ್ರತಿ ಸಲವೂ ಬುಸ್ ಎನ್ನುವ ಸದ್ದಿಗೆ ಕಾಯುತ್ತೇನೆ.

ಬಾಗಿಲಿನ ಜೀನ್ ಮುರಿದ ಸಸಿಗಳೂ ಇವೆ, ಹದಿನೇಳನೇ ತಟ್ಟೆ.
ಉಪ್ಪು ಸುರಿದರೂ ಮಿಂಚಿಲ್ಲ.
ಎರಡು ದಿನ ಅವೇ ಎಲ್ಲರಿಗಿಂತ ಹಸಿರು,
ನೆಮ್ಮದಿ ಎಂದರೆ ಇದೇ ಇರಬೇಕು ಅನ್ನುವಷ್ಟು.
ನಾಲ್ಕನೆಯ ದಿನ ಗುಡಿಸಿ ಹಾಕುತ್ತೇನೆ.

ಊರಲ್ಲಿ ಅವತ್ತು ಸೀಗಿ ಹುಣ್ಣಿಮೆ,
ಬಸುರಿ ಹೊಲಕ್ಕೆ ಚರಗ ಚೆಲ್ಲುವ ದಿನ.
ಇಲ್ಲಿ ಸಿಗಡಿಯ ಗುತ್ತಿಗೆ ಹಿಡಿದವರು ಯಾರೋ
ಏರುನೀರಿನಲ್ಲಿ ಹಲಗೆ ಎತ್ತಿದರು.
ಎತ್ತಿದ್ದು ಇಳಿಯಲಿಲ್ಲ, ಬಿರಿಯಿತು.
ಮೊದಲು ಕಂಡವನು ಕಾಯ್ತಾನ್ ಬಾಬ್. ಕೂಗಿದ.
ಒಡ್ಡಿನ ತಿರುವಿನಿಂದ ಬೊಸ್ತ್ಯಾಂವ್ ಕೂಗಿದ,
ಅವನಾಚೆ ಶೆವಂತಿಮಾಯ್.
ಟಾರ್ಚಿಗೆ ಟಾರ್ಚು ಹೊತ್ತಿ
ಬೆಳಕು ಒಡ್ಡಿನುದ್ದಕ್ಕೂ ಓಡಿ ಇಗರ್ಜಿಯ ಮೆಟ್ಟಿಲು ಮುಟ್ಟಿತು.
ನನಗೆ ಗೊತ್ತಿದ್ದ ಅಲೆ. ಗಡಿಯಾರ ನೋಡಿದೆ, ಅಭ್ಯಾಸಬಲ.
ಹನ್ನೊಂದು ನಿಮಿಷ.

ಮಣ್ಣು, ಹುಲ್ಲು, ಬಿದಿರು, ಯಾರದ್ದೋ ಮಂಚದ ಹಲಗೆ;
ಬೆಳಗಿನೊಳಗೆ ಒಡಕಿನ ಬಾಯಿ ಕಟ್ಟಿದರು.
ಹೊಸ ತಳಿಯ ಭತ್ತ ಎಂಟು ದಿನದಲ್ಲಿ ಸುಟ್ಟಿತು.
ಹಳೆಯ ಕೊರ್ಗುಟ್, ಉಪ್ಪನ್ನೆಲ್ಲ ಹಣ್ಣೆಲೆಗೆ ಕಳಿಸಿ,
ಕುಳ್ಳಗೆ, ಒರಟಾಗಿ, ತೆನೆ ಉಳಿಸಿಕೊಂಡಿತು.
"ನಿಜವಾದ ಉಪ್ಪು! ಇಂಥ ಮಾಹಿತಿ ಹತ್ತು ವರ್ಷಕ್ಕೊಮ್ಮೆ!"
ಪಣಜಿಯಿಂದ ನಮ್ಮ ಸರ್ ಫೋನಿನಲ್ಲಿ ಕುಣಿಯುತ್ತಿದ್ದರು.
ಫೋನು ಹಿಡಿದೇ ನಾನು
ಶೆವಂತಿಮಾಯಿಯ ಗದ್ದೆ ದಾಟುತ್ತಿದ್ದೆ; ಅದು ಹೊಸ ತಳಿ.
ಒಂದು ಕಣ್ಣಿಗೆ ಬೆಣ್ಣೆ.
ಇನ್ನೊಂದರದ್ದು ಸುಣಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಕಾಯ್ತಾನ್ ಬಾಬ್ ಹೊಸ ಹಲಗೆ ಕೆತ್ತುತ್ತಿದ್ದ.
"ಕಲ್ಲಿಟ್ಟು ಪೂರಾ ಕಟ್ಟಿಬಿಟ್ಟರೆ?" ಎಂದೆ.
ಉಳಿ ನಿಲ್ಲಿಸಲಿಲ್ಲ.
"ಒಳಗಿನ ನೀರು ಎಲ್ಲಿಗೆ ಹೋಗಬೇಕು, ಬಾಯ್?"
ಚೌಕಟ್ಟಿನ ಕೆಂಪುಕಲ್ಲಿನ ಸಂದಿಗೆ ಮೆತ್ತಲು
ಪುಟ್ಟಿಯಲ್ಲಿ ಸುಣ್ಣ ಕಲೆಸಿಟ್ಟಿದ್ದ.
ತೀರಾ ನೀರಾಗಿತ್ತು.
ಕಸಿದುಕೊಂಡೆ.