ನೆಲದ ಗೇಣಿ

ಹಂಪನಕಟ್ಟೆಯಲ್ಲಿ ಚಪ್ಪಲಿ ಅಂಗಡಿಯ ಮೇಲೆ
ಹದಿನಾಲ್ಕು ಮೆಟ್ಟಿಲು, ಹದಿನೈದನೆಯದು ಸಡಿಲ.
ಅಲ್ಲಿ ಸಿಪ್ರಿಯನ್ ಸೆರಾವೊ ಅವರ ಬೆಂಚು, ಸೋಲ್ಡರಿನ ಹೊಗೆ,
ಕ್ಯಾಲೆಂಡರಿನ ಹಿಂದೆ ಬಾಕಿಯವರ ಪಟ್ಟಿ,
ಮತ್ತೆ ನಾನು, ಬೆಂಗ್ರೆಯ ವಾರಿಜಾ,
ಮಿಕ್ಸಿ ರಿಪೇರಿ ಕಲಿಯಲು ಬಂದವಳು.

ಗಿಟಾರು ತಂದವನು ಎಲ್ಡನ್. ಶನಿವಾರ ಕುಲಶೇಖರದಲ್ಲಿ ಮದುವೆ.
"ಇದಕ್ಕೆ ಎಂತದೋ ಆಗಿದೆ ಮಾಮ್,
ಒದ್ದೆ ಚಾದರದೊಳಗಿಂದ ಮಾತಾಡಿದ ಹಾಗೆ.
ಟೋಸ್ಟಿನ ಹೊತ್ತಿಗೆ ವಾಲ್ಯೂಮ್ ಸ್ವಲ್ಪ ಇಳಿಸಿದರೆ
ಸತ್ತೇ ಹೋಗ್ತದೆ."

ಹೊಟ್ಟೆಯ ತಗಡು ಬಿಚ್ಚಿದರು.
ಒಳಗೆ ಕಡಲಗಾಳಿಯ ಹಸಿರು ಕಿಲುಬು,
ಇಲಿಯ ಹಿಕ್ಕೆಯಂಥ ಅವಸರದ ಬೆಸುಗೆ.
ಕನ್ನಡಕ ಹಣೆಗೇರಿಸಿ ಪಾಟಿನ ಬೆನ್ನು ಓದಿದರು:
ಇನ್ನೂರೈವತ್ತು ಕೆ.

"ನೋಡು ಮಾರಾಯ್ತಿ," ಅಂದರು, ಅವನಿಗಲ್ಲ, ನನಗೆ,
"ನಾಬ್ ಹತ್ತಕ್ಕಿಟ್ಟರೂ ಪೂರ್ತಿ ಹೊರಗೆ ಬರುವುದಿಲ್ಲ.
ಪಿಕಪ್ಪು ಬೆಳೆದದ್ದರಲ್ಲಿ ನೆಲಕ್ಕೆ ಗೇಣಿ ಉಂಟೇ ಉಂಟು.
ಈ ದಣಿಗೆ ಭತ್ತ ಬೇಡ.
ಮೇಲಿನ ಸ್ವರದ ಮಿನುಗು ಉಂಟಲ್ಲ, ಅದೇ ಬೇಕು.
ಐನೂರು ಕೆ ಹಾಕಿದರೆ ಗೇಣಿ ಕಡಿಮೆ.
ಒಂದು ಮೆಗ್ ಹಾಕಿದರೆ ದಣಿಗೇ ಪಂಗನಾಮ,
ಆದರೆ ಕೇಳುವವನ ಹಲ್ಲು ಜುಮ್ಮೆನ್ನುತ್ತದೆ.

"ವಾಲ್ಯೂಮ್ ಇಳಿಸಿದಾಗ ಕಳ್ಳ ಬೇರೆ. ಇಗೋ, ಇವನು."
ಎಲ್ಡನ್ ಹೆಗಲಿಗೆ ಸುತ್ತಿಕೊಂಡಿದ್ದ ಕೇಬಲ್ ತೋರಿಸಿದರು.
"ಇಪ್ಪತ್ತು ಅಡಿ ಉದ್ದಕ್ಕೂ ಕುಡಿಯುತ್ತಾ ಹೋಗ್ತಾನೆ.
ಮಿನುಗಿಗೆ ಅಂತ ಒಂದು ಒಳದಾರಿ ಕೊಡಬೇಕು,
ಎರಡು ಕಾಲಿನ ಮಧ್ಯೆ ಇಷ್ಟೇ ಇಷ್ಟು ಕೆಪಾಸಿಟರ್."
ಹುಣಸೆ ಬೀಜಕ್ಕಿಂತ ಸಣ್ಣದು, ಅವರ ಅಂಗೈಯ ಗೆರೆಯಲ್ಲಿ ಕಳೆದುಹೋಗಿ
ನಾನೇ ಹುಡುಕಿ ಕೊಟ್ಟೆ.

ಎಲ್ಡನಿಗೆ ಹೇಳದ ಒಂದು ಸಂಗತಿ:
ಹದಿನೇಳು ವರ್ಷ ಹಡಗಿನ ಎಂಜಿನ್ ರೂಮು
ಇವರ ಕಿವಿಯ ಮೇಲುಗಡೆಯನ್ನೆಲ್ಲ ತಿಂದಿದೆ.
ಸೊಳ್ಳೆ, ನನ್ನ ಗಾಜಿನ ಬಳೆ, ಬಿದ್ದ ಸ್ಕ್ರೂ
ಯಾವುದೂ ಅವರಿಗೆ ಮುಟ್ಟುವುದಿಲ್ಲ.
ಅಂಗಡಿಯ ಬೋರ್ಡಿನಲ್ಲಿ ಬರೆಯದ ಕೆಲಸ ನನ್ನದು.

ನಮ್ಮದೇ ಅಳತೆ ಉಂಟು.
ನಿನ್ನೆಯ ಗಂಜಿ ಅಂದರೆ ಇನ್ನೂ ಬಿಚ್ಚಬೇಕು.
ಕಾವಲಿಗೆ ಬಿದ್ದ ಬಂಗುಡೆ: ಸರಿ.
ಸಾಸಿವೆ ಅಂದರೆ ಜಾಸ್ತಿಯಾಯಿತು, ಮುಖಕ್ಕೆ ಸಿಡಿಯುತ್ತಿದೆ.

ಒಮ್ಮೆ ಜೂನಿನಲ್ಲಿ, ಕೊನೆಯ ದೋಣಿ ತಪ್ಪುತ್ತದೆಂದು,
ಗಂಜಿಯನ್ನು ಬಂಗುಡೆ ಅಂದುಬಿಟ್ಟೆ.
ಮೂರನೇ ದಿನ ಆ ಗಿಟಾರು ಮೆಟ್ಟಿಲು ಹತ್ತಿ ವಾಪಸು ಬಂತು.
ಬಯ್ಯಲಿಲ್ಲ.
ಮೀಟರಿನ ಕೆಂಪು ಕಪ್ಪು ಮುಳ್ಳು ಒಂದಕ್ಕೊಂದು ಮುಟ್ಟಿಸಿ
ಸೊನ್ನೆ ತೋರಿಸಿ ಹೇಳಿದರು:
"ಇದಕ್ಕೆ ದೋಣಿ ಇಲ್ಲ."

ಇವತ್ತು ಹೊಸ ಪಾಟು, ಹೊಸ ಬೆಸುಗೆ, ಬೆಳ್ಳಿಯ ಮಣಿಯಂತೆ.
ಎಲ್ಡನ್ ಮೀಟಿದ. ಹತ್ತರಲ್ಲಿ
ಬಂಗುಡೆ, ಎಣ್ಣೆ ಸಮೇತ.
ಏಳಕ್ಕಿಳಿಸಿದರು. ಹಾಗೇ ಉಂಟು,
ದೂರದ ಮನೆಯ ಕಾವಲಿ, ಅಷ್ಟೇ.
ನಾಲ್ಕು.
ನಾನಿನ್ನೂ ಬಾಯಿ ತೆರೆದಿರಲಿಲ್ಲ,
ಅವರು ಇಕ್ಕಳ ಎತ್ತಿ
ಆ ಸಣ್ಣ ಕೆಪಾಸಿಟರಿನ ಪಕ್ಕಕ್ಕೆ
ಒಂದು ರೆಸಿಸ್ಟರ್ ಬೆಸೆಯತೊಡಗಿದ್ದರು.

ಆಗ ಗೊತ್ತಾಯಿತು ನನಗೆ,
ಇಷ್ಟು ದಿನ ಅವರು ನನ್ನ ಮಾತಿಗೆ ಕಾಯುತ್ತಿರಲಿಲ್ಲ.
ಕಣ್ಣು ಗಿಟಾರಿನ ಮೇಲಿರಲಿಲ್ಲ, ನಾಬಿನ ಮೇಲೂ ಅಲ್ಲ,
ನನ್ನ ಹುಬ್ಬಿನ ಮೇಲೆ.
(ಹಾಗಾದರೆ ಆ ಜೂನಿನಲ್ಲೂ?)

ಮತ್ತೆ ನಾಲ್ಕು. ಎಲ್ಡನ್ ಮೀಟಿದ.
ಕೆಳಗೆ ಇಪ್ಪತ್ತೇಳು ನಂಬರಿನ ಬಸ್ಸಿನ ಹಾರ್ನು,
ಅದು ಮುಗಿಯುವ ತನಕ ಮೂವರೂ ಸುಮ್ಮನಿದ್ದೆವು.
ಇನ್ನೊಮ್ಮೆ ಮೀಟಿದ.

"ಇನ್ನೂರೆಂಬತ್ತು ರೂಪಾಯಿ," ಅಂದರು ಸಿಪ್ರಿಯಾಮ್,
ನನ್ನ ಹುಬ್ಬು ಕೆಳಗಿಳಿದ ಮೇಲೆ.