ಮುಸುಕಿನ ಜೋಳ, ರಾತ್ರಿ ಎರಡು ಗಂಟೆ

ಸಂಜೆ ಐದಕ್ಕೆ ಅತ್ತೆ ನೀಲಿಗಿಡದ ಬಣ್ಣದ ನಿಲುವಂಗಿ ತೊಡುತ್ತಾಳೆ.
ಅಲ್ಲಿಯವರೆಗೆ ಅವಳ ಮೈಮೇಲೆ ಮೊಮ್ಮಗನ ಹಳೇ ಟೀ ಶರ್ಟು,
ಬೆನ್ನಿಗೆ ಯಾವುದೋ ಫುಟ್‌ಬಾಲ್ ತಂಡ, ನಂಬರು ಒಂಬತ್ತು.
ವ್ಯಾನು ಸೇತುವೆ ದಾಟಿದ ಸದ್ದು ಕೇಳಿದರೆ
ಅವಳು ಬೆಳ್ಳಿಸರ ಹುಡುಕುತ್ತಾಳೆ,
ನಾನು ಅಟ್ಟಣೆಯಡಿಯ ಸ್ಕೂಟರಿಗೆ ಚಾಪೆ ಹೊದಿಸುತ್ತೇನೆ.

ಈ ಹೊತ್ತು ಏಳು ಜನ.
ಏಳು ಹಾಸಿಗೆ, ಏಳು ಸೊಳ್ಳೆಪರದೆ, ಐದು ಬಣ್ಣದ ಅನ್ನ.
ಬಣ್ಣಗಳೆಲ್ಲ ಎಲೆ ಬೇರಿನವೇ, ನೇರಳೆಯೊಂದು ಬಿಟ್ಟು.
ಅದರ ಎಲೆ ಈ ಸಲ ಸಿಗದೆ ಸಂತೆಯ ಪುಡಿ ಹಾಕಿದ್ದೆ.
ಎಲ್ಲರೂ ನೇರಳೆಯನ್ನೇ ಮೆಚ್ಚಿ ಉಂಡರು.

ಇದು ತಾಯ್ ಜನರ ಹಳೆಯ ಮನೆ, ಎಂದ ಹನೋಯ್‌ನಿಂದ ಬಂದ ಗೈಡು.
ಮೆಟ್ಟಿಲ ಕಂಬ ಸವರಿ ಒಬ್ಬ ಕೇಳಿದ: ಎಷ್ಟು ವರ್ಷದ್ದು?
ಸಿಮೆಂಟಿನದು. ಮರದ ಗೆರೆ ನನ್ನ ಗಂಡ ಬರೆದದ್ದು.
ನೂರು, ಎಂದೆ. ನಾಲಿಗೆಗೆ ಎಲುಬಿಲ್ಲ.
ನಿಜಕ್ಕೂ ನೂರರ ಕಂಬ ಒಳಗಿದೆ,
ಅದಕ್ಕೆ ಗೊಬ್ಬರದ ಅಂಗಡಿಯ ಕ್ಯಾಲೆಂಡರು ತೂಗುತ್ತದೆ.

ಊಟವಾದ ಮೇಲೆ ಅತ್ತೆ ಸೋರೆಬುರುಡೆಯ ತಂತಿವಾದ್ಯ ಹಿಡಿದು
ಎರಡು ಹಾಡು ಹೇಳಿದಳು. ಮೂರನೆಯದು ಹೇಳುವುದಿಲ್ಲ.
ಚಪ್ಪಾಳೆ. ದೀಪ ಆರಿತು.

ರಾತ್ರಿ ಎರಡಕ್ಕೆ ಬಿದಿರಿನ ನೆಲ ಕಿರುಗುಟ್ಟಿತು.
ಪರದೆಯ ಸಂದಿಯಿಂದ ಕಂಡೆ:
ಒಲೆಯ ಮುಂದೆ ಅತ್ತೆ, ಮತ್ತದೇ ನಂಬರು ಒಂಬತ್ತು,
ಬಾತುಗಳಿಗೆಂದು ಮುಸುಕಿನ ಜೋಳ ಬಿಡಿಸುತ್ತ.
ಮಾವನ ಜೊತೆಗೇ ಹೋಗಿದೆ ಅವಳ ನಿದ್ದೆ.
ಎದುರಿಗೆ ಆ ಏಳನೆಯವಳು, ದೆಸಾಂಕಾ,
ಮಂಡಿನೋವಿನ ಮುದುಕಿ,
ಪುಸ್ತಕದಲ್ಲಿ ತನ್ನ ದೇಶದ ಹೆಸರು ಬರೆದಿದ್ದಳು, ನನಗೆ ಓದಲಾಗಲಿಲ್ಲ.

ಒಬ್ಬರ ಮಾತು ಒಬ್ಬರಿಗೆ ತಿಳಿಯದು.
ಅತ್ತೆ ಒಂದು ತೆನೆ ಅತ್ತ ಉರುಳಿಸಿದಳು, ಅಷ್ಟೆ.
ಆಕೆ ನಮ್ಮಂತೆ ಹೆಬ್ಬೆರಳು ಒತ್ತಲಿಲ್ಲ,
ಬೋಳು ದಿಂಡೊಂದನ್ನು ತೆನೆಗೆ ಉಜ್ಜಿ ಉಜ್ಜಿ
ಸಾಲಿನ ಮೇಲೆ ಸಾಲು ಕೆಡವಿದಳು.
ಅತ್ತೆಯ ಕೈ ನಿಂತಿತು.
ಆಮೇಲೆ ಅವಳೂ ಒಂದು ಬೋಳು ದಿಂಡು ಆರಿಸಿಕೊಂಡಳು.

ಎಷ್ಟು ಹೊತ್ತೋ. ಬುಟ್ಟಿಗೆ ಬೀಳುವ ಕಾಳಿನ ಸದ್ದು
ಮೊದಲು ಟಪಟಪ, ತುಂಬಿದಂತೆ ಮೆತ್ತಗೆ.
ನಡುವೆ ಅತ್ತೆ ಏನೋ ಗುನುಗಿದಳು.
ವಾದ್ಯ ಗೋಡೆಯಲ್ಲೇ ಇತ್ತು.
ಮೂರನೆಯದಿರಬೇಕು;
ಸೊಸೆಯಾಗಿ ಹನ್ನೊಂದು ವರ್ಷ, ನಾನು ಕೇಳಿದ್ದು ಇದೇ ಮೊದಲು.
ಕದ್ದು ಉಂಡವಳಂತೆ ಮಗ್ಗುಲು ಬದಲಿಸಿದೆ.

ಬೆಳಿಗ್ಗೆ ಲೆಕ್ಕ ಬರೆದೆ: ಊಟ, ಹಾಸಿಗೆ, ಹಾಡು ಎರಡು.
ಜೋಳ ಬಿಡಿಸಿದ್ದನ್ನು ಯಾರ ಹೆಸರಿಗೆ ಬರೆಯಲಿ?
ದೆಸಾಂಕಾ ಇಳಿಯುವಾಗ ಸಿಮೆಂಟಿನ ಕಂಬ ಹಿಡಿದು
ಉಗುರಿನಿಂದ ಒಮ್ಮೆ ಕುಟ್ಟಿ ನೋಡಿದಳು,
ನನ್ನ ಮುಖ ನೋಡಿ ನಕ್ಕಳು.

ವ್ಯಾನು ಹೋಯಿತು. ಬಾತುಗಳು ಬಂದವು.
ಒಲೆಗೆ ಒಡ್ಡಲು ದಿಂಡುಗಳನ್ನು ಬಾಚಿಕೊಂಡೆ.
"ಎರಡು ಉಳಿಸೇ," ಎಂದಳು ಅತ್ತೆ ಅಂಗಳದಿಂದ,
"ಉಜ್ಜಲಿಕ್ಕೆ ಬೇಕು."