ಬಲೆ & ಗಾಳಿ

ನಾನು ಮೀನಿನ ಹರಾಜು ಕೂಗುವವಳು.
ನಮ್ಮ ಗಲೀಸಿಯದ ಬಂದರಿನಲ್ಲಿ ಬೆಲೆ ಏರುವುದಿಲ್ಲ, ಇಳಿಯುತ್ತದೆ:
ನಲವತ್ತು, ಮೂವತ್ತೊಂಬತ್ತು, ಮೂವತ್ತೆಂಟು,
ಯಾರಾದರೂ ಕೈ ಎತ್ತುವವರೆಗೆ.
ಹಾಗಾಗಿ ಅಂಕಿಗಳೆಂದರೆ ನನಗೆ ಅಂಜಿಕೆಯಿಲ್ಲ
ಎಂದೇ ತಿಳಿದಿದ್ದೆ.

ಅಣ್ಣ ಎಲಾದಿಯೊ ಬಲೆ ರಿಪೇರಿ ಮಾಡುತ್ತಿದ್ದ.
ಮನಸ್ಸು ಬಂದ ಗುರುವಾರಗಳಲ್ಲಿ
ಹರಿದ ಬಲೆ ಮಡಿಲಲ್ಲಿ, ಫೋನು ಎಣ್ಣೆಡಬ್ಬಿಯ ಮೇಲೆ,
ಗಂಟುಗಳ ಬಗ್ಗೆ ಮಾತಾಡುತ್ತಿದ್ದ.
ಹೆಸರಿಗೆ ಗಂಟು; ಬೈಗುಳವೇ ಹೆಚ್ಚು.
ಕೇಳುಗರು ಇನ್ನೂರ ಹನ್ನೆರಡು ಮಂದಿ.
ಅವರಲ್ಲಿ ನಾನಿರಲಿಲ್ಲ.
ಪಕ್ಕದ ಕೋಣೆಯಿಂದಲೇ ಕೇಳಿಸುವ ದನಿಗೆ
ಯಾರು ಕಿವಿಗೆ ತಂತಿ ಸಿಕ್ಕಿಸಿಕೊಳ್ಳುತ್ತಾರೆ?

ಫೆಬ್ರವರಿಯಲ್ಲಿ ಅವನು ಹೋದ.
ಏಪ್ರಿಲ್‌ನಲ್ಲಿ ಅವನ ಹೆಸರಿಗೆ ಇಮೇಲ್ ಬಂತು:
ಬಾಡಿಗೆ ಕಟ್ಟಿಲ್ಲ, ತಿಂಗಳ ಕೊನೆಗೆ ಎಲ್ಲ ಅಳಿಸುತ್ತೇವೆ.

ಐಸ್ ಕಾರ್ಖಾನೆಯ ಲೆಕ್ಕದ ಹುಡುಗಿ ಇರಿಯಾ ಹೇಳಿದಳು:
"ನಾವೇ ಒಂದು ಫೀಡ್ ಬರೆಯೋಣ ಸಬೇಲಾ,
ಬರೀ ಪಟ್ಟಿ ಅದು. ಏನಿದೆ, ಎಲ್ಲಿದೆ,
ಯಾವತ್ತಿನದು, ಎಷ್ಟು ತೂಕ."
ಅಯ್ಯೋ, ಅದು ನನ್ನ ಹರಾಜಿನ ಚೀಟಿಯೇ ಅಲ್ಲವೇ!

ಹೆಸರು: ಬಲೆ & ಗಾಳಿ. ಅವನಿಟ್ಟದ್ದೇ ಇರಲಿ.
ಭಾಷೆ: ನಮ್ಮದು ಎರಡಕ್ಷರಕ್ಕೆ ಇಳಿದಿತ್ತು. ಕೈ ಎತ್ತಿದೆ.
ಚಿತ್ರ: ಚೌಕವೇ ಆಗಬೇಕಂತೆ.
ಯಾವುದೋ ಮದುವೆಯ ಫೋಟೊ ಕತ್ತರಿಸಿದೆವು,
ಅವನ ಭುಜದ ಮೇಲೊಂದು ಕೈ ಉಳಿದುಕೊಂಡಿತು,
ಉಗುರಿಗೆ ಕೆಂಪು ಬಣ್ಣ.
ಯಾರದೆಂದು ನನಗೆ ಗೊತ್ತು. ಹೇಳುವುದಿಲ್ಲ.
ಅಸಭ್ಯ ಮಾತು ಉಂಟೇ? ಹೌದು ಅಥವಾ ಇಲ್ಲ.
ಹನ್ನೊಂದನೇ ಕಂತಿನಲ್ಲಿ, ಇರಿಯಾ ಕೇಳಿದ್ದಾಳೆ,
ನೈಲಾನ್ ಕಂಡುಹಿಡಿದವನ ಜನ್ಮ ಜಾಲಾಡಿದ್ದಾನೆ.
ಹೌದು.

ತೂಕ: ಬೈಟುಗಳಲ್ಲಿ, ಒಂದೂ ಆಚೀಚೆ ಆಗದಂತೆ.
ಮೊದಲ ಕಂತು ಎರಡು ಕೋಟಿ ಹದಿನಾಲ್ಕು ಲಕ್ಷ
ಮೂವತ್ತು ಸಾವಿರದ ಒಂಬತ್ತು.
ಅದರಲ್ಲಿ ಕೆಮ್ಮು ಎಷ್ಟು ಅಂತ ಕೇಳಿದೆ.
ಇರಿಯಾ ನಗಲಿಲ್ಲ.

ತಪಾಸಣೆಗೆ ಕೊಟ್ಟರೆ ಪರದೆ ಕೆಂಪಾಯಿತು: ನಾಲ್ಕನೇ ಸಾಲು, ತಪ್ಪು.
ಬಲೆಗೂ ಗಾಳಿಗೂ ನಡುವೆ ಕೂತಿದ್ದ ಆ ಚಿಹ್ನೆ
ಹಾಗೇ ದಾಟುವಂತಿಲ್ಲವಂತೆ, ಬಿಡಿಸಿ ಬರೆಯಬೇಕು.
ಕಣ್ಣು ಕಿರಿದು ಮಾಡಿ ನೋಡಿದೆ: &
ಅಣ್ಣ ಎಡಗೈಯಲ್ಲಿ ಹಾಕುತ್ತಿದ್ದ ಗಂಟು, ತದ್ರೂಪು.
ಬಿಡಿಸಿದೆವು.
ಗಂಟಲಲ್ಲಿ ಒಂದು ಉಳಿಯಿತು.

ಹಸಿರು.

ಶನಿವಾರ ರಾತ್ರಿ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತಿರುಗಿಸಿದೆವು.
ಒಂದನ್ನು ಮರೆತಿದ್ದೆವು.
ಪ್ರತಿ ಕಂತಿಗೂ ಒಂದು ಗುರುತು ಇರುತ್ತದಂತೆ, ಹುಟ್ಟುಮಚ್ಚೆಯ ಹಾಗೆ.
ಅದನ್ನು ಬದಲಿಸಬಾರದು. ಬದಲಿಸಿದರೆ
ಫೋನುಗಳಿಗೆ ಹಳೆಯ ನೆಂಟನ ಮುಖ ನೆನಪಾಗದು,
ಹೊಸಬನೆಂದು ಬಾಗಿಲು ತೆರೆಯುತ್ತವೆ.
ನಾವೋ, ಒಂದರಿಂದ ಮೂವತ್ತೇಳರವರೆಗೆ
ಚೆಂದಾಗಿ ನಂಬರು ಹಾಕಿಟ್ಟಿದ್ದೆವು.

ಭಾನುವಾರ ಬೆಳಗ್ಗೆ ಇನ್ನೂರ ಹನ್ನೆರಡು ಜೇಬುಗಳಲ್ಲಿ
ಎಲಾದಿಯೊ ಮೂವತ್ತೇಳು ಸಲ ಹೊಸಬನಾದ.

ಐರ್ಲೆಂಡಿನಾಚೆಯ ನೀರಿನಿಂದ, ಹಡಗಿನಿಂದಲೇ, ಮೊಂಚೊ ಕರೆ ಮಾಡಿದ.
ಅವನಿಗೆ ಸುದ್ದಿ ಮುಟ್ಟಿರಲಿಲ್ಲ.
"ಇಷ್ಟು ದಿನ ಬಾಯಿಗೆ ಬೀಗ ಹಾಕಿದ್ದವನು
ಈಗ ಒಂದೇ ಸಮ ಶುರು ಹಚ್ಚಿದ್ದಾನಲ್ಲ ನಿಮ್ಮಣ್ಣ!
ಒಂಬತ್ತನೆಯದರಲ್ಲಿ ಗಂಟು ತಪ್ಪು ಹೇಳಿದ್ದಾನೆ, ಹೇಳು ಅವನಿಗೆ."
ಹೇಳ್ತೀನಿ, ಅಂದೆ.

ಇರಿಯಾ ಓಡಿಬಂದಳು, ಮುಖ ಸುಣ್ಣ.
ಹಳೆಯ ಗುರುತುಗಳು ಸಿಕ್ಕಿವೆಯಂತೆ, ಐದು ನಿಮಿಷದ ಕೆಲಸ,
ಈಗಲೇ ಸರಿ ಮಾಡಿಬಿಡ್ತೀನಿ, ಅಂದಳು.
ಕಾಫಿಗೆ ನೀರಿಟ್ಟೆ.
ಮನಸ್ಸಿನಲ್ಲೇ ಇಳಿಸುತ್ತಾ ಬಂದೆ:
ಮೂವತ್ತೇಳು, ಮೂವತ್ತಾರು, ಮೂವತ್ತೈದು

ಗುರುವಾರ ಮಾಡು, ಅಂದೆ.
ಈಗ ಆ ಒಂಬತ್ತನೆಯದನ್ನು ಹಾಕು,
ಗಂಟು ಯಾವುದು ನೋಡೋಣ.